ಬಾಯಮ್ಮ ರೇಟು ಹೇಳದ ಬಿಡಾರ

ಬಾಯಮ್ಮನ ಬಲ ಅಂಗೈ ಎಷ್ಟು ತೊಳೆದರೂ ಬೂದುಬಣ್ಣಕ್ಕೇ ಇರುತ್ತಿತ್ತು. ಬಾಡಿಗೆಯವರು ಬಿಟ್ಟುಹೋದ ಮನೆಗಳನ್ನು ತೊಳೆದು ಕೊಡುವುದು ಅವರ ಕೆಲಸ. ಬಂದವರೇ ಮೊದಲು ಅಡುಗೆಮನೆಯ ಗೋಡೆಗೆ ಅಂಗೈ ಒತ್ತಿ, ಅಂಟಿದ ಮಸಿಯನ್ನು ನನ್ನ ಮೂಗಿನ ಮುಂದೆ ಹಿಡಿಯುತ್ತಿದ್ದರು. “ನೋಡಿ, ಇದು ಎರಡು ರೂಪಾಯಿಯ ಮಸಿ.” ಆಮೇಲೆ ಬಚ್ಚಲಿನ ಪಾಚಿಯನ್ನು ಕಾಲ್ಬೆರಳಿನಿಂದ ಕೆರೆದು ಎಂಟಾಣೆ ಸೇರಿಸುವರು. ನೆರೆ ನುಗ್ಗಿದ ವರ್ಷವಾದರೆ ಕೆಸರಿಗೆ ಬೇರೆ ರೇಟು.

ಐವತ್ತರ ದಶಕದಲ್ಲಿ ಬಂಟ್ವಾಳ ಪೇಟೆಯ ಹೊಳೆಬದಿಯಲ್ಲಿ ನಮಗೆ ಮೂರು ಬಾಡಿಗೆ ಮನೆಗಳಿದ್ದವು, ಬಿಡಾರ ಎನ್ನುತ್ತಿದ್ದೆವು. ಗಂಡ ತೀರಿಕೊಂಡ ಮೇಲೆ ಆ ಬಾಡಿಗೆಯೇ ನನ್ನ ಅನ್ನ. ಚೌಕಾಶಿಯಲ್ಲಿ ನಾನೂ ಕಮ್ಮಿಯಿರಲಿಲ್ಲ. ಬಾಯಮ್ಮ ಹಿಡಿಸೂಡಿ ಪೊರಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, “ನನ್ನಿಂದ ಆಗುವುದಿಲ್ಲ ಅಕ್ಕ, ಬೇರೆಯವರನ್ನು ಕರೆಯಿರಿ” ಎಂದು ಅಂಗಳ ದಾಟುವರು; ನಾನು ನಾಲ್ಕಾಣೆ ಏರಿಸಿ ಕೂಗುವೆ; ತಿರುಗಿ ಬರುವರು. ಒಂದು ಸಲ ಬೇಕೆಂದೇ ಕೂಗದೆ ನಿಂತೆ. ರಸ್ತೆಯವರೆಗೆ ಹೋದವರು ತಾವೇ ಬಂದು, “ಕರೆಯಲಿಕ್ಕೆ ಮರೆತಿರಾ ಮಾರಾಯ್ರೆ?” ಎಂದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ನಡುವಿನ ಬಿಡಾರದಲ್ಲಿ ಕಕ್ಕಿಂಜೆ ಕಡೆಯ ತಾಯಿ, ಮಗಳು ಇದ್ದರು. ಮಗಳು ಕಿಟಕಿಯ ಪಕ್ಕದ ಗೋಡೆಗೆ ತಲೆಯಾನಿಸಿ ದಿನವಿಡೀ ಬೀಡಿ ಕಟ್ಟುವಳು. ಒಂದು ಮಳೆಗಾಲದಲ್ಲಿ ಜ್ವರ ಬಂದು ಎಂಟೇ ದಿನಕ್ಕೆ ಹೋಗಿಬಿಟ್ಟಳು. ಹದಿನೇಳೋ ಹದಿನೆಂಟೋ ಇರಬೇಕು. ತಾಯಿಯನ್ನು ಆಕೆಯ ಅಣ್ಣ ಬಂದು ಊರಿಗೆ ಕರೆದೊಯ್ದ. ಹಿಂದೆ ತಿರುಗಿ ನೋಡುವಷ್ಟು ಎಚ್ಚರವೂ ಆಕೆಗಿರಲಿಲ್ಲ.

ಬಾಯಮ್ಮ ಬಂದು ಮಸಿ ನೋಡಿದರು, ಬಚ್ಚಲು ನೋಡಿದರು. ಕಿಟಕಿಯ ಹತ್ತಿರ ನಿಂತುಬಿಟ್ಟರು. ಕುಳಿತವಳ ತಲೆಯ ಎತ್ತರಕ್ಕೆ ಗೋಡೆಯ ಮೇಲೆ ತೆಂಗಿನೆಣ್ಣೆಯ ಕಲೆ, ತಟ್ಟೆಯಷ್ಟು ಅಗಲ. ಅದಕ್ಕೆ ಅಂಗೈ ಒತ್ತಲಿಲ್ಲ.

“ತಾಯಿ ಬಂದು ನೋಡಿದರಾ?”

“ಇಲ್ಲ.”

“ಹಾಗಾದರೆ ನಾನು ರೇಟು ಹೇಳುವುದಿಲ್ಲ ಅಕ್ಕ. ಸತ್ತವರ ಮನೆಯನ್ನು ಅವರ ಕಡೆಯವರು ಒಮ್ಮೆ ಬಂದು ನೋಡಿ ಹೋಗಬೇಕು. ಆಮೇಲೆ ತೊಳೆಯುವ.”

ನಾನು ಅದನ್ನೂ ಚೌಕಾಶಿಯೆಂದೇ ತಿಳಿದೆ. ನಾಲ್ಕಾಣೆ ಏರಿಸಿದೆ, ಎಂಟಾಣೆ ಏರಿಸಿದೆ. ಅವರು ಅಂಗಳ ದಾಟಿದರು. ಈ ಸಲ ತಿರುಗಿ ಬರಲಿಲ್ಲ.

ಸೋಮವಾರ ಹೊಸ ಬಾಡಿಗೆಯವರು ಬರುವವರಿದ್ದರು. ಎಣ್ಣೆಯ ಕಲೆ ಎಷ್ಟು ಸುಣ್ಣ ಬಳಿದರೂ ಮೇಲೆ ಬರುತ್ತದೆ. ಹಾಗಾಗಿ ನಾನೇ ಕತ್ತಿ ಹಿಡಿದು ಗಾರೆಯನ್ನೇ ಕೆರೆದು ತೆಗೆದೆ, ಹೊಸದು ಮೆತ್ತಿ ಸುಣ್ಣ ಹೊಡೆದೆ. ಮೂರು ರೂಪಾಯಿ ಉಳಿಯಿತೆಂದು ಹಿಗ್ಗಿದೆ ಬೇರೆ.

ಮುಂದಿನ ತಿಂಗಳು ಆ ತಾಯಿ ಬಂದರು. “ಅವಳು ತಲೆ ಇಡುತ್ತಿದ್ದ ಜಾಗ ಒಮ್ಮೆ ನೋಡಿ ಹೋಗ್ತೇನೆ ಅಕ್ಕ. ಅಲ್ಲಿ ಎಣ್ಣೆ ಉಂಟಲ್ಲ.” ಒಳಗೆ ಕರೆದೊಯ್ದೆ. ಬಿಳಿ ಗೋಡೆಯ ಮೇಲೆ ಆಕೆಯ ಕೈ ಹುಡುಕಿತು. ಗೋಡೆಗೆ ಮೂಗು ತಾಗಿಸಿ, “ಸುಣ್ಣದ ವಾಸನೆ ಮಾತ್ರ” ಎಂದರು.

ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಬಾಯಮ್ಮನಿಗೆ ಹೇಳಿ ಅತ್ತೆ. ಅವರು ಬೈಯಲಿಲ್ಲ. “ಕಲೆ ಮೇಲೆ ಬಂದರೆ ಕಕ್ಕಿಂಜೆಗೆ ಹೇಳಿ ಕಳಿಸುವ” ಎಂದರಷ್ಟೆ. ಪ್ರತಿ ಮಳೆಗಾಲವೂ ಇಬ್ಬರೂ ಹೋಗಿ ಆ ಗೋಡೆ ನೋಡುತ್ತಿದ್ದೆವು. ತೇವ ಬಂತು, ಪಾಚಿ ಬಂತು. ಕಲೆ ಬರಲಿಲ್ಲ. ಅಷ್ಟು ಚೆನ್ನಾಗಿ ಕೆರೆದಿದ್ದೆ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಮೂಡುಬಿದಿರೆಗೆ ಹೋಗಿ ನೆಲೆಸಿದ್ದ ಬಾಯಮ್ಮ ಅಲ್ಲಿಯ ಒಂದು ಬಾಡಿಗೆ ಕೋಣೆಯಲ್ಲಿ ತೀರಿಕೊಂಡರು. ನಾನು ತಲುಪುವಾಗ ಮಣ್ಣು ಮಾಡಿ ಆಗಿತ್ತು. ಕೋಣೆಯ ಯಜಮಾನರು ಕೇಳಿದರು: “ಇದನ್ನು ತೊಳೆಸಲಿಕ್ಕೆ ಎಷ್ಟಾದೀತು? ನಿಮಗೂ ಬಿಡಾರಗಳಿವೆಯಂತೆ, ಅಂದಾಜು ಉಂಟಲ್ಲ?”

ಚಾಪೆಯ ಹಿಂದಿನ ಗೋಡೆಯಲ್ಲಿ ತಲೆಯ ಎತ್ತರಕ್ಕೆ ಎಣ್ಣೆಯ ಕಲೆಯಿತ್ತು.

“ರೇಟು ಆಮೇಲೆ. ಬಾಯಮ್ಮನ ಮಗಳು ಬೊಂಬಾಯಿಯಿಂದ ಬಂದು ನೋಡಲಿ. ಅಲ್ಲಿಯವರೆಗೆ ಬಾಡಿಗೆ ನಾನು ಕೊಡ್ತೇನೆ” ಎಂದು ಬೀಗ ಹಾಕಿ, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಒಂಬತ್ತು ದಿನದ ಮೇಲೆ ಮಗಳು ಬಂದಳು. ಕಲೆಗೆ ತಲೆಯಾನಿಸಿ ಕುಳಿತಳು. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

ನಡುವಿನ ಬಿಡಾರದ ಗೋಡೆಯನ್ನು ಈ ಮಳೆಗಾಲವೂ ನೋಡಿದೆ. ಬೆಳ್ಳಗೇ ಇದೆ.