ತಪ್ಪು ಹೆಡ್‌ಸೆಟ್ಟಿನದಲ್ಲ

ಅರವತ್ತರ ದಶಕದ ಆರಂಭದಲ್ಲಿ ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದೂರದ ಊರುಗಳ ಕರೆ ಜೋಡಿಸುವ ಟ್ರಂಕ್ ಕಾಲ್ ಆಪರೇಟರ್ ಆಗಿ ಸೇರಿದೆ. ನಮ್ಮ ಮನೆತನದಲ್ಲಿ ಸಂಬಳಕ್ಕೆ ದುಡಿದ ಮೊದಲ ಹೆಣ್ಣು ನಾನೇ. ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಬಸ್ಸಿಗೆ ನಿಂತರೆ ಅಕ್ಕಪಕ್ಕದವರು ಕಿಟಕಿಯಿಂದ ನೋಡುತ್ತಿದ್ದರು. ನೋಡಲಿ ಎಂದು ನಾನು ಇನ್ನಷ್ಟು ನೆಟ್ಟಗೆ ನಿಲ್ಲುತ್ತಿದ್ದೆ.

ಸೇರಿ ಏಳೆಂಟು ತಿಂಗಳಾಗುವ ಹೊತ್ತಿಗೆ ತಲೆನೋವು ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಯಾರೋ ಒದ್ದೆ ಬಟ್ಟೆಯನ್ನು ತಲೆಗೆ ಸುತ್ತಿ ಎರಡೂ ಕಡೆಯಿಂದ ಹಿಂಡಿದ ಹಾಗಾಗುತ್ತಿತ್ತು. ಕುತ್ತಿಗೆ ಮರದ ಕೊರಡಿನಂತೆ ಬಿಗಿಯುತ್ತಿತ್ತು. ಮನೆಗೆ ಬಂದರೆ ಅಮ್ಮ ಹಣೆಗೆ ಒಣಶುಂಠಿ ತೇಯ್ದು ಹಚ್ಚುತ್ತಿದ್ದಳು, ದೃಷ್ಟಿ ತೆಗೆಯುತ್ತಿದ್ದಳು. ಕಣ್ಣಿನ ಪರೀಕ್ಷೆಯೂ ಆಯಿತು. ಕನ್ನಡಕ ಬೇಡ, ದೃಷ್ಟಿ ಚೆನ್ನಾಗಿದೆ ಎಂದರು. ಕೊನೆಗೆ ಎಲ್ಲರೂ ಸೇರಿ ಹೆಡ್‌ಸೆಟ್ಟಿನ ಮೇಲೆ ತಪ್ಪು ಹೊರಿಸಿದರು.

"ಇಡೀ ದಿನ ತಲೆಗೆ ಆ ಪಟ್ಟಿ ಬಿಗಿದುಕೊಂಡು ಕೂತ್ರೆ ಇನ್ನೇನಾಗುತ್ತೆ? ಕೆಲಸ ಬಿಟ್ಟುಬಿಡಮ್ಮ," ಅಂದರು ಅಪ್ಪ. ಸಿಟ್ಟಿನಿಂದಲ್ಲ, ಕನಿಕರದಿಂದಲೇ ಅಂದರು. ಅದಕ್ಕೇ ನನಗೆ ಹೆಚ್ಚು ಭಯವಾದದ್ದು. ಸಿಟ್ಟಾಗಿದ್ದರೆ ಎದುರು ಮಾತಾಡಬಹುದಿತ್ತು.

ಆ ವಾರವೇ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡಲು ಶುರುಮಾಡಿದೆ: ನೋವು ಯಾವಾಗ ಬಂತು, ಆಗ ಏನು ಮಾಡುತ್ತಿದ್ದೆ, ಏನು ತಿಂದಿದ್ದೆ. ಒಂದು ತಿಂಗಳು ಬರೆದೆ. ನೂರಾರು ಕರೆ ಬಂದ ದಿನ ಎಷ್ಟೋ ಸಲ ನೋವೇ ಇರಲಿಲ್ಲ. ನಮ್ಮ ಸೂಪರ್‌ವೈಸರ್ ಬೆನ್ನ ಹಿಂದೆ ನಿಂತು, ನಾವು ಸಾರ್ವಜನಿಕರೊಡನೆ ಹೇಗೆ ಮಾತಾಡುತ್ತೇವೆಂದು ಕೇಳುತ್ತಿದ್ದ ದಿನ ಮಾತ್ರ ತಪ್ಪದೆ ಬರುತ್ತಿತ್ತು.

ಆದರೂ ತಪ್ಪು ಹೆಡ್‌ಸೆಟ್ಟಿನದೇ ಇರಬಹುದೇ ಎಂಬ ಸಂಶಯವಿತ್ತು. ಅದು ತೀರಿದ್ದು ಒಂದು ಭಾನುವಾರ. ಅಂದು ನನಗೆ ರಜೆ, ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಕಾಫಿ ಕೊಟ್ಟು ಚಾಪೆಯ ಮೇಲೆ ಕುಳಿತೆ. ಹುಡುಗನ ತಾಯಿ ಕೇಳಿದರು, "ಮದುವೆ ಆದ್ಮೇಲೆ ಕೆಲಸ ಬಿಡ್ತೀಯಲ್ಲಮ್ಮ?"

"ಇಲ್ಲ, ಬಿಡಲ್ಲ," ಅಂದೆ. ಆಗಲೇ ನನ್ನ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡಿರುವುದೂ ಭುಜಗಳೆರಡೂ ಕಿವಿಯ ಹತ್ತಿರಕ್ಕೆ ಏರಿರುವುದೂ ಗೊತ್ತಾಯಿತು. ಅವರು ಹೊರಟ ಅರ್ಧ ಗಂಟೆಯಲ್ಲಿ ಅದೇ ಒದ್ದೆ ಬಟ್ಟೆ, ಅದೇ ಹಿಂಡುವ ನೋವು. ಹೆಡ್‌ಸೆಟ್ ಮುಟ್ಟದ ದಿನ! ನೋವಿನಲ್ಲೂ ನನಗೆ ನಗು ಬಂತು. ಸಂಬಂಧ ತಪ್ಪಿತೆಂದು ಅಮ್ಮ ಮುಖ ಸಣ್ಣ ಮಾಡಿಕೊಂಡಿದ್ದಳು; ನಾನು ಒಳಗೆ ಹೋಗಿ ನೋಟ್‌ಬುಕ್ ತೆರೆದೆ.

ಮರುದಿನ ಅದನ್ನು ಹಿಡಿದು ನಮ್ಮ ಬಡಾವಣೆಯ ಡಾಕ್ಟರ ಬಳಿಗೆ ಹೋದೆ. ಅಪ್ಪನೂ ಜೊತೆಗೆ ಬಂದರು. ವಯಸ್ಸಾದ ಡಾಕ್ಟರು ಒಂದೊಂದೇ ಪುಟ ಓದಿದರು.

"ಒಂದೇ ಕಡೆ ಸಿಡಿಯುತ್ತಾ? ವಾಂತಿ ಬರುತ್ತಾ?"

"ಇಲ್ಲ ಡಾಕ್ಟ್ರೇ. ಎರಡೂ ಕಡೆ, ಬಿಗಿ ಅಷ್ಟೆ."

"ಕಣ್ಣು ಮಂಜಾಗೋದು, ಕೈಕಾಲು ಜೋಮು ಹಿಡಿಯೋದು, ಜ್ವರ?"

"ಯಾವುದೂ ಇಲ್ಲ."

ರಕ್ತದೊತ್ತಡ ನೋಡಿದರು, ಕಣ್ಣಿಗೆ ಟಾರ್ಚ್ ಬಿಟ್ಟರು, ಕುತ್ತಿಗೆ ಒತ್ತಿದರು. ಆಮೇಲೆ ಅಪ್ಪನ ಕಡೆ ತಿರುಗಿ, "ನಾನು ಹೇಳಬೇಕಾದ್ದನ್ನ ನಿಮ್ಮ ಮಗಳೇ ಬರೆದುಕೊಂಡು ಬಂದಿದ್ದಾಳೆ ಸ್ವಾಮಿ. ಮನಸ್ಸು ಬಿಗಿದಾಗ ಮಾಂಸಖಂಡಾನೂ ಬಿಗಿಯುತ್ತೆ. ಕೆಲಸ ಬಿಡೋ ಕಾಯಿಲೆ ಅಲ್ಲ ಇದು," ಅಂದರು. ನನಗೆ ಹೇಳಿದರು: "ಮಾತ್ರೆ ಅಪರೂಪಕ್ಕೆ ಸರಿ. ದಿನಾ ನುಂಗಿದ್ರೆ ಮಾತ್ರೆಯಿಂದಲೇ ತಲೆನೋವು ಬರುತ್ತೆ. ಊಟ ಬಿಡಬೇಡ, ನೀರು ಕುಡಿ, ಬಿಸಿನೀರಲ್ಲಿ ಟವೆಲ್ ಅದ್ದಿ ಕುತ್ತಿಗೆಗೆ ಇಟ್ಕೋ. ನೋವು ಇದ್ದಕ್ಕಿದ್ದಂತೆ ಜೋರಾಗಿ ಬಂದ್ರೆ, ಅದರ ರೀತಿ ಬದಲಾದ್ರೆ ಮಾತ್ರ ತಕ್ಷಣ ಬಾ."

ಮನೆಯ ಗೇಟಿನ ಹತ್ತಿರ ಬಂದಾಗ ಅಪ್ಪ, "ಆ ನೋಟ್‌ಬುಕ್ ನಂಗೂ ಒಂದ್ಸಲ ಕೊಡು," ಅಂದರು.

ಒಂದೊಂದು ಕರೆ ಮುಗಿದಾಗಲೂ ಭುಜ ಇಳಿಸಿ, ಕಚ್ಚಿದ ಹಲ್ಲು ಸಡಿಲಿಸಿ, ಉಸಿರು ಬಿಡುವುದನ್ನು ರೂಢಿಸಿಕೊಂಡೆ. ಸಂಜೆ ಎರಡು ಸ್ಟಾಪು ಮೊದಲೇ ಇಳಿದು ನಡೆಯುತ್ತಿದ್ದೆ. ಆದರೆ ಬೆನ್ನ ಹಿಂದಿನ ನೆರಳು ಹಾಗೇ ಇತ್ತು. ಒಂದು ದಿನ ಧೈರ್ಯ ಮಾಡಿ ಸೂಪರ್‌ವೈಸರ್ ಬಳಿ ಹೋದೆ.

"ಮೇಡಂ, ನೀವು ಹಿಂದೆ ನಿಂತ್ರೆ ನನಗೆ ಮೈಯೆಲ್ಲ ಬಿಗಿಯುತ್ತೆ. ತಪ್ಪಿದ್ರೆ ಎದುರಿಗೆ ಬಂದು ಹೇಳಿ."

ಅವರ ಮುಖ ಕೆಂಪಾಯಿತು. "ಬೇರೆಯವ್ರಿಗೂ ಹಾಗೇ ಅನ್ಸುತ್ತಾ?"

"ನೀವೇ ಕೇಳಿ ನೋಡಿ ಮೇಡಂ."

ಕೇಳಿದರೋ ಇಲ್ಲವೋ ತಿಳಿಯದು. ಮುಂದಿನ ವಾರ ಅವರ ಮೇಜು ನಮ್ಮ ಸಾಲಿನ ಪಕ್ಕಕ್ಕೆ, ನಮಗೆ ಕಾಣುವ ಹಾಗೆ ಬಂದು ಕೂತಿತು. ತಲೆನೋವು ಪೂರ್ತಿ ಹೋಗಲಿಲ್ಲ. ವಾರಕ್ಕೆ ಮೂರ್ನಾಲ್ಕು ಸಲ ಬರುತ್ತಿದ್ದುದು ತಿಂಗಳಿಗೊಂದೆರಡು ಸಲಕ್ಕೆ ಇಳಿಯಿತು. ಬಂದರೂ ಯಾಕೆ ಬಂತೆಂದು ನನಗೆ ಗೊತ್ತಿರುತ್ತಿತ್ತು.

ಅಪ್ಪ ಮತ್ತೆಂದೂ ಕೆಲಸ ಬಿಡು ಅನ್ನಲಿಲ್ಲ. ಮುಂದೆ ನಾನೇ ಸೂಪರ್‌ವೈಸರ್ ಆದೆ. ಹೊಸ ಹುಡುಗಿಯರು ಬಂದಾಗ ರಿಜಿಸ್ಟರಿಗಿಂತ ಮೊದಲು ಅವರ ಭುಜ ನೋಡುತ್ತಿದ್ದೆ. "ಇಳಿಸಮ್ಮ," ಅಂತ ಎದುರಿಗೆ ನಿಂತೇ ಹೇಳುತ್ತಿದ್ದೆ. ನನ್ನ ಸಾಲಿನಲ್ಲಿ ಯಾರೂ ತಲೆನೋವಿಗೆ ಹೆದರಿ ಕೆಲಸ ಬಿಡಲಿಲ್ಲ.