ಇರಣ್ಣ ಮುಗಿಸಿದ ನಾಲ್ಕು ಆಟಗಳು

ಒಂದು ವಿಡಿಯೊ ಗೇಮ್ ಮುಗಿಸಿದ ಮೇಲೆ ಅದರ ಬಗ್ಗೆ ತೀರ್ಪು ಕೊಡದೆ ಇರಣ್ಣ ಮೇಲೇಳುತ್ತಿರಲಿಲ್ಲ. ಟೀವಿಯಲ್ಲಿ ಆಟ ಮಾಡಿದವರ ಹೆಸರುಗಳು ಸಾಲಾಗಿ ಮೇಲಕ್ಕೆ ಹೋಗುತ್ತಿರುತ್ತಿದ್ದವು. ಅವನು ಕಂಟ್ರೋಲರನ್ನು ಚಾಪೆಯ ಮೇಲಿಟ್ಟು, ಗೋಡೆಗೆ ಒರಗಿ, ಡಬಲ್ ಶಿಫ್ಟ್ ಮುಗಿಸಿ ಬಂದವನ ಹಾಗೆ ಉಸಿರುಬಿಟ್ಟು ಶುರು ಮಾಡುತ್ತಿದ್ದ. ಕೇಳುವವನು ನಾನೊಬ್ಬನೇ. ಅತ್ತಿಬೆಲೆಯಲ್ಲಿ ನಮ್ಮದು ಹತ್ತಡಿ ಹನ್ನೆರಡಡಿಯ ಬಾಡಿಗೆ ಕೋಣೆ, ತಪ್ಪಿಸಿಕೊಂಡು ಹೋಗಲು ಜಾಗವಿರಲಿಲ್ಲ.

ಇರಣ್ಣನಿಗೆ ನಲವತ್ತಮೂರು ವಯಸ್ಸು. ಅವನು ಯಲಬುರ್ಗಾ ಕಡೆಯವನು, ನಾನು ಕುಷ್ಟಗಿಯವನು. ನನ್ನ ಹೆಸರು ಚನಬಸಪ್ಪ, ಅವನಿಗಿಂತ ಹನ್ನೆರಡು ವರ್ಷ ಚಿಕ್ಕವನು. ಇಬ್ಬರದೂ ಒಂದೇ ಕಂಪನಿ. ನಾನು ಸ್ಟೋರಿನಲ್ಲಿ ನಟ್ಟು, ಬೋಲ್ಟು, ವಾಷರುಗಳನ್ನು ಕೊಡುವವನು, ಅವನು ಪವರ್ ಪ್ರೆಸ್ ಆಪರೇಟರ್. ತಗಡನ್ನು ಅಚ್ಚಿನ ಮೇಲಿಟ್ಟರೆ ಮೇಲಿನಿಂದ ಒಂದೇ ಏಟಿಗೆ ಒತ್ತಿ ಕಾರಿನ ಭಾಗ ಮಾಡಿಕೊಡುವ ಯಂತ್ರ ಅದು. ಅದಕ್ಕೆ ಎಡಕ್ಕೊಂದು ಬಲಕ್ಕೊಂದು ಬಟನ್. ಎರಡೂ ಕೈ ಎರಡೂ ಬಟನ್‌ಗಳ ಮೇಲಿದ್ದರೆ ಮಾತ್ರ ಪ್ರೆಸ್ಸು ಇಳಿಯುತ್ತದೆ. ಕೈ ಒಳಗೆ ಉಳಿಯಬಾರದು ಎಂದು ಮಾಡಿದ ಏರ್ಪಾಟು. ಆದರೆ ಟಾರ್ಗೆಟ್ ಮುಟ್ಟಬೇಕಾದ ದಿನ ನಮ್ಮವರು ಒಂದು ಬಟನ್‌ಗೆ ಟೇಪು ಸುತ್ತಿ, ಅದು ಒತ್ತಿಕೊಂಡೇ ಇರುವ ಹಾಗೆ ಮಾಡುತ್ತಾರೆ. ಆಗ ಒಂದು ಕೈ ಬಟನ್‌ಗೆ, ಇನ್ನೊಂದು ತಗಡಿಗೆ. ಈ ಟೇಪಿನ ವಿದ್ಯೆಯನ್ನು ಹೊಸಬರಿಗೆ ಕಲಿಸುತ್ತಿದ್ದವನೇ ಇರಣ್ಣ. ಹದಿನೆಂಟು ವರ್ಷ ಏನೂ ಆಗಲಿಲ್ಲ. ಹೋದ ಶ್ರಾವಣದಲ್ಲಿ ಒಂದು ದಿನ ಆಯಿತು. ಬಲಗೈಯ ತೋರುಬೆರಳು ಅರ್ಧ ಹೋಯಿತು. ಹೆಬ್ಬೆರಳು ಉಳಿಯಿತು, ಆದರೆ ಅದಕ್ಕೆ ಹೇಳಿದ್ದು ಬೇಗ ಕೇಳಿಸುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಒಂದು ರಬ್ಬರ್ ಚೆಂಡು ಕೊಟ್ಟು ದಿನಾ ಹಿಸುಕಲು ಹೇಳಿದರು. ಎರಡು ವಾರ ಹಿಸುಕಿದ. "ಹಾಲಿಲ್ಲದ ಎಮ್ಮಿ ಹಿಂಡಿದಂಗ ಆಗತೈತಿ" ಎಂದು ಚೆಂಡನ್ನು ಕಿಟಕಿಯಿಂದ ಎಸೆದ. ಅದೇ ದಿನಗಳಲ್ಲಿ ನಾನು ಸಿಂಗಸಂದ್ರದಲ್ಲಿ ಮನೆ ಖಾಲಿ ಮಾಡುತ್ತಿದ್ದ ಒಬ್ಬರಿಂದ ಹಳೆಯ ಗೇಮ್ ಕನ್ಸೋಲ್ ತಂದಿದ್ದೆ, ನಾಲ್ಕು ಡಿಸ್ಕುಗಳ ಸಮೇತ. ಇರಣ್ಣನ ಕೈಗೆಂದು ತಂದದ್ದಲ್ಲ. ನನಗೆ ಬೇಕಾಗಿತ್ತು, ತಂದೆ. ಒಳ್ಳೆಯವನೆಂದು ಬರೆದುಕೊಳ್ಳುವ ಆಸೆ ನನಗಿಲ್ಲ. ಕಂಪನಿ ಅವನಿಗೆ ರಜೆ ಕೊಟ್ಟಿತ್ತು. ನಾನು ಶಿಫ್ಟಿಗೆ ಹೋದಾಗ ಅವನು ಅದನ್ನು ಹಚ್ಚಿಕೊಂಡು ಕುಳಿತ. ಹೆಬ್ಬೆರಳಿನಿಂದ ಗುಂಡಿ ತಿರುಗಿಸುವುದು, ತೋರುಬೆರಳಿನ ಕೆಲಸವನ್ನು ನಡುಬೆರಳಿಗೆ ಕಲಿಸುವುದು. ಸಂಜೆ ನಾನು ಬಂದಾಗ ಅವನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿರುತ್ತಿತ್ತು. ಆಮೇಲೆ ಕನ್ಸೋಲ್ ನನ್ನ ಕೈಗೆ ಸಿಕ್ಕಿದ್ದು ಅಷ್ಟರಲ್ಲೇ ಇದೆ.

ಮೊದಲು ಮುಗಿಸಿದ್ದು ಕಾರ್ ರೇಸ್. ಎರಡು ತಿಂಗಳು ಹಿಡಿಯಿತು. ಕೊನೆಯ ಕಪ್ ಗೆದ್ದ ದಿನ ತೀರ್ಪು ಹೀಗಿತ್ತು:

"ಹದಿನಾರು ಊರಾಗ ಗಾಡಿ ಓಡಿಸಿದೆ. ಒಂದ್ ಊರಾಗರ ಟ್ರಾಫಿಕ್ ಐತೇನು? ಹೊಸೂರು ರೋಡಿಗೆ ಬರ್ರಿ ಅನ್ನು ಅವರಿಗೆ. ಬೊಮ್ಮಸಂದ್ರ ದಾಟೂದ್ರಾಗ ಗೆದ್ದ ಕಪ್ಪಿಗೆ ತುಕ್ಕು ಹಿಡದಿರತೈತಿ. ಇನ್ನೊಂದ್ ಮಾತು. ಗ್ವಾಡಿಗೆ ಗುದ್ದತಾರ, ಮತ್ತ ಗುದ್ದತಾರ, ಬಾನೆಟ್ ಹೊಸಾದು ಇದ್ದಂಗ ಇರತೈತಿ. ಒಂದ್ ಬಾನೆಟ್ ಒತ್ತಾಕ ಎಷ್ಟ್ ತ್ರಾಸ ಐತಿ ಅನ್ನೂದು ಗೊತ್ತಿದ್ದಾಂವ ಹಿಂಗ ಆಟ ಮಾಡಂಗಿಲ್ಲ."

ಗೆದ್ದ ಸಂತೋಷ ಅವನ ಬೈಗುಳದಲ್ಲೇ ಇತ್ತು. ನನಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ಎರಡನೆಯದು ಕಾರ್ಖಾನೆಯಿಂದ ತಪ್ಪಿಸಿಕೊಂಡು ಓಡುವ ಒಂದು ಪುಟ್ಟ ಯಂತ್ರದ ಬೊಂಬೆಯ ಆಟ. ಅರ್ಧ ದಾರಿಯಲ್ಲಿ ಒಂದು ಉದ್ದನೆಯ ಶೆಡ್ಡು ಬರುತ್ತದೆ. ಅದರೊಳಗೆ ಸಾಲಾಗಿ ಎಂಟು ಪ್ರೆಸ್ಸುಗಳು ಏಳುತ್ತ ಬೀಳುತ್ತ ಇರುತ್ತವೆ, ಬೊಂಬೆ ಅವುಗಳ ಕೆಳಗೆ ನುಸುಳಿ ಆ ಕಡೆ ಸೇರಬೇಕು. ಅದು ಮೊದಲ ಸಲ ತೆರೆಯ ಮೇಲೆ ಬಂದಾಗ ನಾನು ಪಕ್ಕದಲ್ಲೇ ಅನ್ನ ಬಸಿಯುತ್ತಿದ್ದೆ. ಇರಣ್ಣ ಕಂಟ್ರೋಲರನ್ನು ತೊಡೆಯ ಮೇಲಿಟ್ಟು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ತೆಗೆದು ಆಡತೊಡಗಿದ. ಮೊದಲ ಪ್ರೆಸ್ಸಿನ ಕೆಳಗೇ ಬೊಂಬೆ ಅಪ್ಪಚ್ಚಿಯಾಯಿತು. ಮತ್ತೆ ಆಡಿದ, ಮತ್ತೆ ಅಪ್ಪಚ್ಚಿ. ಮೂರು ಸಂಜೆ ಇದೇ ನಡೆಯಿತು. ಪ್ರತಿ ಸಲ ಆ ಸದ್ದು ಬಂದಾಗ ಅವನ ಭುಜ ಬೆಚ್ಚಿ ಮೇಲೇಳುತ್ತಿತ್ತು. ಬಿಡು, ಬೇರೆ ಡಿಸ್ಕು ಹಾಕೋಣ ಎಂದೆ. "ಇದನ್ನ ದಾಟದ ಬ್ಯಾರೇದು ಮುಟ್ಟಂಗಿಲ್ಲ" ಎಂದ.

ಎಂಟು ತಾಸು ಸ್ಟೋರಿನಲ್ಲಿ ನಿಂತು ಬಂದವನಿಗೆ ಇದನ್ನು ನೋಡುವ ಶಕ್ತಿ ಇರಲಿಲ್ಲ. ನಾಲ್ಕನೆಯ ಸಂಜೆ ಅವನು ಜಳಕಕ್ಕೆ ಹೋದಾಗ ನಾನು ಕಂಟ್ರೋಲರ್ ಎತ್ತಿಕೊಂಡೆ. ಆಟ ಎಷ್ಟು ಕಷ್ಟವಿರಬೇಕು ಎಂದು ಆರಿಸುವ ಒಂದು ಜಾಗ ಎಲ್ಲ ಆಟಗಳಲ್ಲೂ ಇರುತ್ತದೆ. ಅದೆಲ್ಲ ಇಂಗ್ಲಿಷಿನಲ್ಲಿ ಇರುವುದರಿಂದ ಇರಣ್ಣ ಆ ಕಡೆ ತಲೆ ಹಾಕುತ್ತಿರಲಿಲ್ಲ. ಸಾಧಾರಣ ಎಂದಿದ್ದದ್ದನ್ನು ಅತಿ ಸುಲಭ ಎಂದು ಬದಲಾಯಿಸಿ, ಏನೂ ಗೊತ್ತಿಲ್ಲದವನ ಹಾಗೆ ಸಾರಿಗೆ ಒಗ್ಗರಣೆ ಹಾಕತೊಡಗಿದೆ.

ಅವನು ತಲೆ ಒರೆಸಿಕೊಳ್ಳುತ್ತ ಬಂದು ಕುಳಿತ. ಪ್ರೆಸ್ಸುಗಳು ಈಗ ಮೇಲೆ ಒಂದು ಉಸಿರಿನಷ್ಟು ಹೆಚ್ಚು ಹೊತ್ತು ನಿಂತು ಇಳಿಯುತ್ತಿದ್ದವು. ಹದಿನೆಂಟು ವರ್ಷ ಪ್ರೆಸ್ಸಿನ ಮುಂದೆ ನಿಂತವನಿಗೆ ಇಷ್ಟು ತಿಳಿಯದೇ ಇರುತ್ತದೆಯೇ ಎಂದು ನಾನು ಒಲೆಯ ಕಡೆಗೇ ಮುಖ ಮಾಡಿಕೊಂಡಿದ್ದೆ. ಅವನಿಗೆ ತಿಳಿಯಲಿಲ್ಲ. ಬೊಂಬೆ ಒಂದೊಂದೇ ದಾಟಿತು. ಎಂಟನೆಯದನ್ನು ದಾಟಿದಾಗ ಇರಣ್ಣ ಎದ್ದು ನಿಂತುಬಿಟ್ಟ.

"ನೋಡಿದೇನಲೇ ಚನ್ನಾ? ಕೈ ಬಂತು. ಹೇಳಿದ ಕೂಡ್ಲೇ ಕೇಳಾಕತ್ತೈತಿ!"

ಆ ಆಟ ಮುಗಿದಾಗ ಅವನು ಕೊಟ್ಟ ತೀರ್ಪಿನಲ್ಲಿ ಒಂದೇ ತಕರಾರು ಇತ್ತು. ಅಂಥ ದೊಡ್ಡ ಕಾರ್ಖಾನೆಯಲ್ಲಿ ನೆಲದ ಮೇಲೆ ಒಂದು ಹನಿ ಎಣ್ಣೆ ಇಲ್ಲ, ಟೀ ಟೈಮ್ ಇಲ್ಲ, ಮಾಡಿದವರು ಕಂಪನಿಯ ಕಾಂಪೌಂಡ್ ಕೂಡ ನೋಡಿಲ್ಲ ಎಂದ. ಉಳಿದದ್ದೆಲ್ಲ ಹೊಗಳಿಕೆ. ಅಷ್ಟು ಸಂತೋಷವಾಗಿದ್ದವನಿಗೆ ನಾನು ಏನು ಹೇಳಲಿ? ಹೇಳಲಿಲ್ಲ. ಮುಂದಿನ ಎರಡು ಆಟಗಳನ್ನು ಹಾಕಿಕೊಟ್ಟಾಗ ಮೊದಲೇ ಅತಿ ಸುಲಭಕ್ಕೆ ಇಳಿಸಿ ಕೊಟ್ಟೆ.

ಮೂರನೆಯದರಲ್ಲಿ ಒಬ್ಬ ಹೆಣ್ಣುಮಗಳು ನೆರೆ ಬಂದ ದ್ವೀಪದಲ್ಲಿ ಕಳೆದುಹೋದ ತಂಗಿಯನ್ನು ಹುಡುಕುತ್ತಾಳೆ. "ಇಡೀ ಆಟ ತೊಯಿಸಿಕೊಂಡ ಅಡ್ಡಾಡತಾಳ, ಒಂದ್ ನೆಗಡಿ ಬರಂಗಿಲ್ಲ ಆಕಿಗೆ" ಎಂದು ಗೊಣಗಿದ. ಆಮೇಲೆ, "ಕಡೀಕ ತಂಗಿ ಸಿಕ್ಕಾಗ ಮಾತಾಡಲಿಲ್ಲ ನೋಡು, ಸುಮ್ನ ಬಾಜೂಕ ಕುಂತಳು. ಅದು ಛಲೋ ಇತ್ತು. ಅಷ್ಟ್ ದಣದ್ ಬಂದವ್ರಿಗೆ ಮಾತು ಎಲ್ಲಿಂದ ಬರಬೇಕು?" ಎಂದ. ಒಂದು ಆಟವನ್ನು ಅಷ್ಟು ಗಮನವಿಟ್ಟು ನೋಡುವವನು ಎಂದು ನಾನು ಅವನನ್ನು ಅಂದುಕೊಂಡಿರಲಿಲ್ಲ.

ನಾಲ್ಕನೆಯದು ಕತ್ತಿ ಹಿಡಿದು ಹಾಳು ಕೋಟೆಯಲ್ಲಿ ಮುದಿ ರಾಜನನ್ನು ಕೊಲ್ಲಲು ಹೋಗುವ ಆಟ. ಅದು ಅವನಿಗೆ ಸೇರಲಿಲ್ಲ. "ಮುನ್ನೂರು ಮಂದೀನ ಕಡದೀನಿ, ಒಂದ್ ಹೆಣ ಎತ್ತಿದವ್ರಿಲ್ಲ, ತಾವ ಮಾಯ ಆಗತಾವ. ನಮ್ಮಲ್ಲಿ ಒಂದ್ ಬೋಲ್ಟ್ ಬಿದ್ರ ಯಾವ ಶಿಫ್ಟಿನವ್ರು ಎತ್ತಬೇಕು ಅಂತ ಎರಡ್ ತಾಸ್ ಜಗಳ." ರಾಜ ಸಾಯುವಾಗ ಏನು ಹೇಳಿದ ಎಂದು ಕೇಳಿದ. 'ನನಗೆ ಸಾಕಾಗಿದೆ' ಎಂದ ರಾಜ, ಅಂತ ಕನ್ನಡದಲ್ಲಿ ಹೇಳಿದೆ. "ನನಗೂ ಸಾಕಾಗೇತಿ ಬಿಡು. ಇನ್ನ ಆಟ ಬ್ಯಾಡ, ಮಶೀನಿಗೆ ಹೋಗ್ತೀನಿ" ಎಂದು ಇರಣ್ಣ ಟೀವಿ ಆರಿಸಿದ.

ಆ ವಾರದ ಶನಿವಾರ ಕಂಪನಿಗೆ ಹೋಗಿ ಲೈನ್ ಸೂಪರ್‌ವೈಸರ್ ಲೋಕೇಶ್ ಮುಂದೆ ನಿಂತ. ಲೋಕೇಶ್ ಅಲ್ಲೇ ಪಕ್ಕದ ಊರಿನವರು, ಕೆಟ್ಟವರೇನಲ್ಲ, ಆದರೆ ಎಲ್ಲವೂ ಕಾಗದದಲ್ಲಿ ಇದ್ದುಬಿಟ್ಟರೆ ಅವರಿಗೆ ನೆಮ್ಮದಿ.

"ನೋಡ್ರೀ ಇರಣ್ಣ, ಗೇಟಲ್ಲಿ ಸೆಕ್ಯುರಿಟಿಗೆ ಒಂದ್ ಜಾಗ ಇದೆ. ಆರಾಮಾಗಿ ಕೂತ್ಕೊಂಡ್ ಮಾಡ್ಬೋದು. ಇಲ್ಲ, ಪ್ರೆಸ್ಸೇ ಬೇಕು ಅಂದ್ರೆ ಕೈ ಪೂರ್ತಿ ಸರಿಯಾಗಿದೆ, ಜವಾಬ್ದಾರಿ ನಂದೇ ಅಂತ ಬರ್ದು ಸೈನ್ ಮಾಡ್ಕೊಡಿ. ನಾನು ಬೇಡ ಅನ್ನಲ್ಲ. ಯಾವ್ದಾದ್ರೂ ಒಂದ್ ಲೆಟರ್ ಸೋಮವಾರ ನನ್ ಟೇಬಲ್ ಮೇಲಿರ್ಬೇಕು ಕಣ್ರೀ."

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಇರಣ್ಣ ಬಿಳಿ ಹಾಳೆ, ಪೆನ್ನು ತಂದು ನನ್ನ ಮುಂದಿಟ್ಟ. ನಮ್ಮ ಕಟ್ಟಡದಲ್ಲಿ ಎಲ್ಲರ ಅರ್ಜಿಗಳನ್ನೂ ಬರೆಯುವವನು ನಾನೇ. ಗಡ್ಡ ಬೋಳಿಸಿಕೊಂಡು, ಹೊಸ ಅಂಗಿ ಹಾಕಿಕೊಂಡು ಕುಳಿತಿದ್ದ, ಆಗಲೇ ಡ್ಯೂಟಿಗೆ ಹೊರಟವನ ಹಾಗೆ.

"ಬರಿ. ನನ್ನ ಬಲಗೈ ಪೂರ್ತಿ ಸರಿಯಾಗೈತಿ, ಪ್ರೆಸ್ಸು ಓಡಸಾಕ ನಾ ತಯಾರದೀನಿ ಅಂತ."

ತಾರೀಖು ಬರೆದೆ, ವಿಷಯ ಬರೆದೆ, 'ನನ್ನ ಬಲಗೈ' ಎಂದು ಬರೆದೆ. ಮುಂದಕ್ಕೆ ಪೆನ್ನು ಹೋಗಲಿಲ್ಲ. ಅವನು ಮತ್ತೆ ಟೇಪು ಸುತ್ತುತ್ತಾನೆ ಎಂಬುದು ನನಗೆ ಗೊತ್ತಿತ್ತು. ಟಾರ್ಗೆಟ್ ಬಂದ ದಿನ ಎಲ್ಲರೂ ಸುತ್ತುತ್ತಾರೆ. ಈ ಸಲ ಹೋದರೆ ಅರ್ಧ ಬೆರಳಿಗೆ ಮುಗಿಯುವುದಿಲ್ಲ.

"ಯಾಕ, ಪೆನ್ನು ಬರಿವಲ್ದೇನು?"

"ಅಣ್ಣಾ, ಆ ಪ್ರೆಸ್ಸಿನ ಆಟ ನಾ ಹಗುರ ಮಾಡಿದ್ದೆ."

"ಹಗುರ ಅಂದ್ರ?"

"ನೀ ಜಳಕಕ್ಕ ಹೋದಾಗ. ಆಟದಾಗ ಹಂಗ ಮಾಡಾಕ ಬರತೈತಿ. ಪ್ರೆಸ್ಸು ಜರಾ ತಡದ್ ಇಳೀಲಿ ಅಂತ."

ಇರಣ್ಣ ನನ್ನ ಮುಖ ನೋಡಲಿಲ್ಲ. ತನ್ನ ಕೈ ನೋಡಿಕೊಂಡ.

"ಆಮ್ಯಾಲಿನ ಎರಡು?"

"ಅವೂ."

"ಕಾರಿಂದು?"

"ಅದನ್ನ ಮುಟ್ಟಿಲ್ಲ. ಅದು ನಿಂದ, ಅಣ್ಣಾ."

"ಮೊದಲಿನಂಗ ಮಾಡಿ ಕೊಡು" ಎಂದ.

ಡಿಸ್ಕು ಹಾಕಿದೆ. ಸಾಧಾರಣ ಎಂಬಲ್ಲಿಗೆ ತಂದು, ಆ ಶೆಡ್ಡಿನ ಬಾಗಿಲಿಗೆ ಬೊಂಬೆಯನ್ನು ನಿಲ್ಲಿಸಿ ಕಂಟ್ರೋಲರ್ ಕೊಟ್ಟೆ. ಮೊದಲ ಪ್ರೆಸ್ಸಿಗೇ ಸತ್ತ. ಎರಡನೆಯ ಸಲ ಎರಡು ದಾಟಿ ಸತ್ತ. ಕಣ್ಣು ಸರಿಯಾಗಿಯೇ ನೋಡುತ್ತಿತ್ತು. ಪ್ರೆಸ್ಸು ಏಳುವ ಮೊದಲೇ ಅವನ ಬಾಯಿ "ಹೂಂ" ಎನ್ನುತ್ತಿತ್ತು. ಹೆಬ್ಬೆರಳು ಮಾತ್ರ ಅದನ್ನು ಕೇಳಿಸಿಕೊಂಡು, ಯೋಚಿಸಿ, ಆಮೇಲೆ ಬರುತ್ತಿತ್ತು. ನಾನು ನೋಡಿದೆ, ಅವನೂ ನೋಡಿದ. ಒಂಬತ್ತು ಸಲ ಆಡಿ ಕಂಟ್ರೋಲರನ್ನು ಕೆಳಗಿಟ್ಟ.

"ಸೋಲಾಕ ಬಿಡಬೇಕಿತ್ತು ನನ್ನ. ಸೋತಿದ್ರ ಕೈ ಎಂಥಾದೈತಿ ಅನ್ನೂದು ಆವಾಗ ಗೊತ್ತಾಗತಿತ್ತು. ಇಷ್ಟ್ ತಿಂಗಳ ಮಂದಿ ಮುಂದ ಕೈ ಬಂತು, ಕೈ ಬಂತು ಅಂತ ಹೇಳ್ಕೋತ ಅಡ್ಡಾಡಿದೆ."

"ನಿನ್ನ ನೋಡಾಕ ಆಗಲಿಲ್ಲಣ್ಣಾ."

"ನೋಡಾಕ ಆಗಲಿಲ್ಲಂದ್ರ ಹೊರಗ ಹೋಗಬೇಕಿತ್ತು" ಎಂದ. ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸಿ ಹಗುರಾಗುತ್ತಿದ್ದೆ. ಅರ್ಧ ಬರೆದ ಹಾಳೆಯನ್ನು ಮಡಿಸಿ ಬದಿಗಿಟ್ಟು, "ಬ್ಯಾರೆ ಹಾಳಿ ತಗೊ. ಗೇಟಿಗೆ ಅಂತ ಬರಿ" ಎಂದ.

ಬರೆದುಕೊಟ್ಟೆ. ಎಡಗೈಯಲ್ಲಿ ಸಹಿ ಮಾಡಿದ.

ಈಗ ಮೂರು ತಿಂಗಳಾಯಿತು. ಒಂದೇ ಕೋಣೆಯಲ್ಲಿದ್ದೇವೆ, ಒಂದೇ ಪಾತ್ರೆಯ ಅನ್ನ ಉಣ್ಣುತ್ತೇವೆ, ನೀರು ಬಂತೇ, ಗ್ಯಾಸ್ ಮುಗಿಯಿತೇ ಎಂದು ಮಾತಾಡುತ್ತೇವೆ. ಕನ್ಸೋಲನ್ನು ಅವನು ಮುಟ್ಟುವುದಿಲ್ಲ. ನನಗೂ ಆಡುವ ಮನಸ್ಸಿಲ್ಲ. ಮಾಡಿದ್ದು ತಪ್ಪು ಎಂದು ನನಗೆ ಗೊತ್ತು, ಹೇಳಿದ್ದು ಸರಿ ಎಂಬುದೂ ಗೊತ್ತು, ಎರಡರಿಂದಲೂ ಸುಸ್ತಾಗಿದೆ. ಬೆಳಿಗ್ಗೆ ಇಬ್ಬರೂ ಒಂದೇ ಆಟೊದಲ್ಲಿ ಹೋಗಿ ಗೇಟಿನ ಮುಂದೆ ಇಳಿಯುತ್ತೇವೆ.

ಸಂಜೆ ಶಿಫ್ಟ್ ಬಿಟ್ಟಾಗ ಹೊರಗೆ ಹೋಗುವವರ ಚೀಲಗಳನ್ನು ನೋಡುವುದು ಅವನ ಕೆಲಸ. ಇನ್ನೂರು ಜನ ನುಗ್ಗುತ್ತಾರೆ. ಎಲ್ಲರ ಚೀಲಕ್ಕೂ ಹೊರಗಿನಿಂದಲೇ ಒಮ್ಮೆ ಕೈ ತಾಗಿಸಿ ನಡೀರಿ ನಡೀರಿ ಎನ್ನುತ್ತಾನೆ. ನಾನು ಬಂದಾಗ ಮಾತ್ರ ಸಾಲು ನಿಲ್ಲಿಸುತ್ತಾನೆ. ಚೀಲದ ಜಿಪ್ಪನ್ನು ಆ ಬಲಗೈಯಲ್ಲೇ ನಿಧಾನವಾಗಿ ಎಳೆದು, ಒಳಗಿನ ಸಣ್ಣ ಖಾನೆಗೂ ಕೈ ಹಾಕಿ, ಊಟದ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಾನೆ. ಹಿಂದಿನವರು ಬೈಯುತ್ತಾರೆ. ಅವನು ಮುಗಿಸುವ ತನಕ ನಾನು ತಲೆ ತಗ್ಗಿಸಿ ನಿಂತಿರುತ್ತೇನೆ.