ಉಂಗುರದಕ್ಕನ ಒಂಬತ್ತನೇ ದಿನ

ನಮ್ಮ ಕಾರ್ಯಾಗಾರದಲ್ಲಿ ಅವರನ್ನು ಎಲ್ಲರೂ ಉಂಗುರದಕ್ಕ ಎನ್ನುತ್ತಿದ್ದರು. ಅವರ ಬೆರಳಲ್ಲಿ ಒಂದು ಉಂಗುರವೂ ಇರಲಿಲ್ಲ, ಆ ಮಾತು ಬೇರೆ. ಅವರ ಉಂಗುರಗಳು ಪಿಂಗಾಣಿಯವು, ಬಳೆಯಷ್ಟು ದೊಡ್ಡವು. ವಿದ್ಯುತ್ ಕೊಟ್ಟರೆ ನಡುಗಿ ನೀರಿನಲ್ಲಿ ಸದ್ದು ಮಾಡುತ್ತವೆ. ಸದ್ದು ಬಂದು ಬಡಿದರೆ ವಿದ್ಯುತ್ ಕೊಡುತ್ತವೆ. ಕಡಲ ತಳ ನೋಡಲು ಇಳಿಯುವವರಿಗೆ ಅದೇ ಬಾಯಿ, ಅದೇ ಕಿವಿ. ಇಪ್ಪತ್ತೆರಡು ವರ್ಷ ಅಕ್ಕ ಅವನ್ನೇ ವಿನ್ಯಾಸ ಮಾಡಿದರು. ನಾನು ಪಕ್ಕದ ಮೇಜಿನಲ್ಲಿ ಕೂತು ಪರೀಕ್ಷೆ ಮಾಡಿದೆ, ಬೈಸಿಕೊಂಡೆ.

ಬೈಗುಳವೆಲ್ಲ ಒಂದೇ ವಿಷಯಕ್ಕೆ. ಉಂಗುರವನ್ನು ಸ್ಪಿರಿಟ್‌ನಲ್ಲಿ ಒರೆಸಿದ ಮೇಲೆ ಬರಿಗೈ ತಾಗಬಾರದು. ಬೆರಳಿನ ಜಿಡ್ಡು ಉಳಿದರೆ ಮೇಲೆ ಎರೆಯುವ ರಬ್ಬರು ಅಲ್ಲಿ ಕಚ್ಚುವುದಿಲ್ಲ. ನಮ್ಮ ಪರೀಕ್ಷೆಯ ತೊಟ್ಟಿಯಲ್ಲಿ ಎಲ್ಲ ಸರಿಯಾಗಿಯೇ ಇರುತ್ತದೆ. ಆಳದ ಒತ್ತಡದಲ್ಲಿ ಎಂಟೋ ಹತ್ತೋ ದಿನ ಕಳೆದ ಮೇಲೆ ನೀರು ನುಸುಳುತ್ತದೆ. ಒಮ್ಮೆ ಸಂಸ್ಥೆಯ ನಿರ್ದೇಶಕರೇ ಕೈ ಚಾಚಿದಾಗ "ಸಾರ್, ಕೈ ಜೇಬಲ್ಲಿಟ್ಕೊಳಿ" ಎಂದು ಗದರಿದ ಹೆಂಗಸು!

ಅಂಥವರ ಅಳಿಯ ಒಂದು ಮಧ್ಯಾಹ್ನ ಬಂದ. ಇಬ್ಬರೇ ಕೂರುವ ಪುಟ್ಟ ಜಲಾಂತರ್ಗಾಮಿಯ ಚಾಲಕ. ಈ ಸಲದ ಉಂಗುರ ಅವನ ನೌಕೆಗೇ. ಒರೆಸಿಟ್ಟಿದ್ದ ಎರಡನ್ನೂ ಒಂದೊಂದಾಗಿ ಎತ್ತಿ, ಉಗುರಿನಿಂದ ಚಿಮ್ಮಿ, "ಅತ್ತೆ, ಹಾಡುತ್ತಲ್ರೀ ಇದು!" ಎಂದ.

"ಅಳಿಯಂದ್ರೇ, ನಿಮ್ಮ ಕಾರುಬಾರೆಲ್ಲ ನೀರೊಳಗೆ, ಇಲ್ಲಲ್ಲ" ಎಂದು ಅಕ್ಕ ನಕ್ಕರು. ಅಷ್ಟೇ. ಮತ್ತೆ ಒರೆಸಲಿಲ್ಲ. ಮದುವೆಯಾಗಿ ಐದು ತಿಂಗಳ ಅಳಿಯ, ಮುಖಕ್ಕೆ ಹೊಡೆದ ಹಾಗಾಗುತ್ತದೆ ಎಂದೋ, ಮಾತಿನ ಭರದಲ್ಲಿ ಮರೆತೋ. ನಾನೂ ನೋಡಿದೆ. ನನಗೇನು ರೋಗ ಬಂದಿತ್ತೋ, ಬಾಯಿ ಬಿಡಲಿಲ್ಲ. ಸದ್ಯ, ಇವತ್ತಾದರೂ ಬೈಗುಳವಿಲ್ಲ ಎಂದು ಹಲ್ಲು ಕಿರಿದೆ.

ರಬ್ಬರು ಎರೆದು ಮುಗಿದ ಮೇಲೆ ಒಂದು ಉಂಗುರ ಅಳಿಯನ ನೌಕೆಯೊಂದಿಗೆ ಹಡಗು ಹತ್ತಿತು; ಅಲ್ಲಿಂದ ನೌಕೆ ದಿನಾ ಆಳಕ್ಕೆ ಇಳಿಯುತ್ತಿತ್ತು. ಜೊತೆಯದನ್ನು ಇಲ್ಲಿ ಆಳದಷ್ಟೇ ಒತ್ತಡದ ಹಂಡೆಯಲ್ಲಿಟ್ಟು ನಾವು ದಿನಾ ಅದರ ಸದ್ದು ಅಳೆದೆವು. ಎಂಟು ದಿನ ಗುಂಡುಕಲ್ಲಿನ ಹಾಗಿತ್ತು. ಒಂಬತ್ತನೇ ಬೆಳಗ್ಗೆ ಅಳತೆ ಜಾರಿತು. ಅಕ್ಕ ಅದನ್ನು ಹೊರತೆಗೆದು ಬ್ಲೇಡಿನಿಂದ ರಬ್ಬರು ಸೀಳಿದರು. ಒಂದು ಕಡೆ ಅದು ಸಿಪ್ಪೆಯಂತೆ ಎದ್ದು ಬಂತು. ಅಡಿಯಲ್ಲಿ ತೇವ. ತೇವದ ನಡುವೆ ಹೆಬ್ಬೆಟ್ಟಿನ ಗುರುತು, ಗೆರೆಗೆರೆಯಾಗಿ. ಅಗಲವಾದ, ಗಂಡಸಿನ ಹೆಬ್ಬೆಟ್ಟು.

"ಅಯ್ಯೋ" ಎಂದರು. "ಬೆರಳು ಅವನದು, ತಪ್ಪು ನಂದು ಕಣೋ."

ಹಡಗಿಗೆ ಫೋನು ಹಚ್ಚಿದರು. ನೌಕೆ ಇಳಿದು ಮೂರು ಗಂಟೆಯಾಯಿತು ಎಂದ ಅಲ್ಲಿಯವನು.

"ಸದ್ದು ಹೇಗಿದೆ?"

"ಬೆಳಗ್ಗಿಂದ ಸ್ವಲ್ಪ ಮೆತ್ತಗಿದೆ ಮೇಡಂ. ನೀರಿನ ಗುಣ ಇರ್ಬೇಕು ಅಂದ್ಕೊಂಡ್ವಿ."

"ನೀರಿನ ಗುಣ ಅಲ್ಲ, ನಾನು ಮಾಡಿದ್ದು. ಈಗ್ಲೇ ಮೇಲೆ ಕರೀರಿ. ಆ ಸದ್ದು ನಿಂತ್ರೆ ಅವರು ಎಲ್ಲಿದಾರೆ ಅಂತ ನಿಮಗೆ ಗೊತ್ತೇ ಆಗಲ್ಲ."

ಕರೆದರು. ಫೋನಿನಲ್ಲಿ ನಮಗೂ ಕೇಳಿಸಿತು: ಮೇಲೆ ಬನ್ನಿ, ಮೇಲೆ ಬನ್ನಿ. ಐದು ಸಲ, ಹತ್ತು ಸಲ. ಉತ್ತರವಿಲ್ಲ. ಮೆತ್ತಗಿದ್ದ ಸದ್ದೂ ನಿಂತಿತು ಎಂದ ಹಡಗಿನವನು. ಆಗ ನನ್ನ ಮಂದ ತಲೆಗೆ ಹೊಳೆಯಿತು. ಈ ಕರೆ ಅವರಿಗೆ ಮುಟ್ಟಬೇಕಾದದ್ದೂ ಅದೇ ಉಂಗುರದಿಂದ.

ಮೇಜಿನ ಮೇಲಿದ್ದ ಅಕ್ಕನ ಮೊಬೈಲು ಬಡಿದುಕೊಂಡಿತು. ಮಗಳು.

"ಅಮ್ಮಾ, ಇವತ್ತು ಅವರು ಎಷ್ಟು ಹೊತ್ತಿಗೆ ಮೇಲೆ ಬರ್ತಾರೆ? ಬಂದ ತಕ್ಷಣ ಮಾತಾಡ್ತೀನಿ ಅಂದಿದ್ರು."

ಅಕ್ಕ ಕುರ್ಚಿ ಹುಡುಕಿಕೊಂಡು ಕೂತರು.

"ನೀನು ಇಲ್ಲಿಗೆ ಬಾ ಮಗಳೇ" ಎಂದರು. "ನಾನೇನು ಮಾಡಿದೀನಿ ಅಂತ ಫೋನಲ್ಲಿ ಹೇಳೋಕಾಗಲ್ಲ."

ಆಚೆ ಫೋನಿನಲ್ಲಿ ಹಡಗಿನವನು ಇನ್ನೂ ಕರೆಯುತ್ತಲೇ ಇದ್ದ.